ಪೂರ್ವಜರ ಊರು ಮತ್ತು ಜ್ಞಾನಸ್ನಾನದ ದಾಖಲೆ: ಕೋಲಾರ ಸೀಮೆಗೆ ಬಂದ ಐರಿಷರ ಮೂಲವನ್ನು ಅರಸಿ

ಬಾಬಿಲೋನಿನ ಸೆರೆಯಿಂದ ಜೆರುಸಲೇಮಿಗೆ ಮರಳಿದವರ ಪಟ್ಟಿ ಎಜ್ರನ ಗ್ರಂಥದ ಎರಡನೆಯ ಅಧ್ಯಾಯದಲ್ಲಿದೆ. ಪ್ರಬೋಧನೆ ಸಿದ್ಧಪಡಿಸುವ ಗುರುಗಳು ಸಾಮಾನ್ಯವಾಗಿ ದಾಟಿಹೋಗುವ ಅಧ್ಯಾಯವದು. ಹೆಸರು ಮತ್ತು ಸಂಖ್ಯೆಗಳ ಹೊರತು ಅಲ್ಲಿ ಬೇರೇನೂ ಇಲ್ಲವೆಂದು ತೋರುತ್ತದೆ. ಆದರೆ ಪಟ್ಟಿಯ ಕೊನೆಯ ಭಾಗದಲ್ಲಿ ದೆಲಾಯ, ತೋಬೀಯ, ನೆಕೋದ ಎಂಬ ಮೂರು ಮನೆತನಗಳವರು ಬರುತ್ತಾರೆ. ತಮ್ಮ ಪಿತೃಗಳ ಮನೆ ಯಾವುದು, ತಾವು ನಿಜವಾಗಿಯೂ ಇಸ್ರಯೇಲಿನವರೇ ಎಂಬುದನ್ನು ಇವರು ತೋರಿಸಿಕೊಡಲಾರದೆ ಹೋದರು. ಇವರ ಸಂಖ್ಯೆ ಎಜ್ರನಲ್ಲಿ 652; ಅದೇ ಪಟ್ಟಿ ನೆಹೆಮೀಯನ ಏಳನೆಯ ಅಧ್ಯಾಯದಲ್ಲಿ ಮತ್ತೆ ಬರುವಾಗ 642. ಯಾವುದೋ ಪ್ರತಿಕಾರನ ಕೈಯಲ್ಲಿ ಹತ್ತು ಜನ ಬಿಟ್ಟುಹೋದರು, ಇಲ್ಲವೆ ಸೇರಿಕೊಂಡರು. ಅವರ ಬೆನ್ನಿಗೇ ಬರುವ ಕೆಲವು ಯಾಜಕ ಮನೆತನಗಳ ಗತಿ ಇನ್ನೂ ಕಠಿಣ. ವಂಶದ ದಾಖಲೆಯಲ್ಲಿ ತಮ್ಮ ಹೆಸರನ್ನು ಹುಡುಕಿಸಿ, ಅದು ಸಿಗದೆ, ಅವರು ಯಾಜಕತ್ವದಿಂದ ಹೊರಗುಳಿಯಬೇಕಾಯಿತು. ಆ ಮನೆತನಗಳಲ್ಲಿ ಬರ್ಜಿಲ್ಲೈ ಎಂಬುದೂ ಒಂದು. ಅದರ ಮೂಲಪುರುಷನು ಗಿಲ್ಯಾದಿನ ಬರ್ಜಿಲ್ಲೈಯ ಮಗಳನ್ನು ಮದುವೆಯಾಗಿ, ಹೆಂಡತಿಯ ತವರಿನ ಹೆಸರನ್ನೇ ಇಟ್ಟುಕೊಂಡವನು. ಹೆಣ್ಣಿನ ಕಡೆಯ ಹೆಸರಿಗೆ ಬದಲಾದ ಮನೆತನವೊಂದು ಗಂಡಿನ ಕಡೆಯ ದಾಖಲೆಯಲ್ಲಿ ಕಾಣೆಯಾದುದು ಆಶ್ಚರ್ಯವೇನಲ್ಲ.

ಈ ಅಧ್ಯಾಯವನ್ನು ನಾವು ನೆನೆಯಲು ಕಾರಣವಿದೆ. ಆಸ್ಟ್ರೇಲಿಯಾದಲ್ಲಿಯೋ ಇಂಗ್ಲೆಂಡಿನಲ್ಲಿಯೋ ನೆಲೆಸಿರುವ ಆಂಗ್ಲೋ-ಇಂಡಿಯನ್ ಕುಟುಂಬಗಳಿಂದ ನಮ್ಮ ಧರ್ಮಕೇಂದ್ರಗಳ ಕಚೇರಿಗಳಿಗೆ ಬರುವ ಪತ್ರಗಳ ಹಿಂದೆ ಇದೇ ಪ್ರಶ್ನೆಯಿದೆ: ನಮ್ಮ ಮುತ್ತಜ್ಜನು ಐರ್ಲೆಂಡಿನ ಯಾವ ಊರಿನವನು? ಕೆಲವರಿಗೆ ಇದು ಕೇವಲ ಕುತೂಹಲ. ಆದರೆ ಅಜ್ಜನೋ ಅಜ್ಜಿಯೋ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಮೊಮ್ಮಗನು ಆ ದೇಶದ ಪೌರತ್ವಕ್ಕೆ ಅರ್ಹನಾಗಬಹುದು. ಅಂಥವರಿಗೆ ಹಳೆಯ ಜ್ಞಾನಸ್ನಾನದ ಒಂದು ಸಾಲು ಬದುಕಿನ ದಾರಿಯನ್ನೇ ತಿರುಗಿಸಬಲ್ಲುದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ವಿಶ್ವಾಸಿಗಳಿಗೂ ತಮ್ಮದೇ ಆದ ಮೂಲದ ಪ್ರಶ್ನೆಗಳುಂಟು. ಇವೆರಡೂ ಒಂದೇ ಕಪಾಟಿನ ಮುಂದೆ ಬಂದು ನಿಲ್ಲುತ್ತವೆ.

ವಲಸೆಯ ಕಥೆ ಈ ನೆಲಕ್ಕೆ ಹೊಸದಲ್ಲ. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕುಗಳಲ್ಲಿ ಊರಿನ ಹುಟ್ಟನ್ನು ಕೇಳಿದರೆ ಮೊದಲು ಸಿಗುವ ಉತ್ತರವೇ ವಲಸೆಯದು. ಚಿಕ್ಕಬಳ್ಳಾಪುರವನ್ನು ಕಟ್ಟಿದ ಆವತಿಯ ನಾಡಪ್ರಭುಗಳು ಮೊರಸು ಒಕ್ಕಲಿನವರು. 15ನೆಯ ಶತಮಾನದಲ್ಲಿ ಅವರ ಹಿರಿಯರು ಕಂಚಿಯ ಸೀಮೆಯಿಂದ, ಅಲ್ಲಿಯ ಪಾಳೆಯಗಾರನೊಬ್ಬನು ತಮ್ಮ ಮನೆಯ ಹುಡುಗಿಯನ್ನು ಬಲವಂತವಾಗಿ ಮದುವೆಯಾಗಬಯಸಿದ್ದರಿಂದ, ರಾತ್ರೋರಾತ್ರಿ ಗಾಡಿಗಳನ್ನು ಹೂಡಿಕೊಂಡು ಹೊರಟರೆಂದು ಐತಿಹ್ಯ ಹೇಳುತ್ತದೆ. ಪಾಲಾರ್ ಹೊಳೆ ತುಂಬಿ ಹರಿಯುತ್ತಿತ್ತು. ಹುಡುಗಿ ತನ್ನ ಕಿವಿಯ ಒಡವೆಯನ್ನು ಹೊಳೆಗೆ ಅರ್ಪಿಸಲು ನೀರು ಇಬ್ಭಾಗವಾಗಿ ದಾರಿ ಬಿಟ್ಟಿತಂತೆ. ವಿಮೋಚನಾಕಾಂಡವನ್ನು ಓದಿದವರಿಗೆ ಈ ಕಥೆಯ ರೂಪ ಅಪರಿಚಿತವಲ್ಲ. ಇದನ್ನು ಚರಿತ್ರೆಯೆಂದು ನಾವು ಸಾಧಿಸುತ್ತಿಲ್ಲ. ಅಲೆಮಾರಿಯಾದ ಅರಾಮ್ಯನೊಬ್ಬನು ತನ್ನ ಮೂಲಪಿತೃವೆಂದು ಇಸ್ರಯೇಲನು ಪ್ರಥಮಫಲದ ಬುಟ್ಟಿ ಹಿಡಿದು ಅರಿಕೆಮಾಡಿಕೊಳ್ಳುವ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಂತೆ, ಇಲ್ಲಿಯೂ ಬಂದ ದಾರಿಯ ನೆನಪೇ ಕುಲದ ಗುರುತಾಗಿದೆ ಎಂಬುದಷ್ಟೇ ನಮ್ಮ ಮಾತು.

ಈ ನೆನಪನ್ನು ಕಾಯುವ ವೃತ್ತಿಯವರೂ ನಮ್ಮ ನಾಡಿನಲ್ಲಿದ್ದಾರೆ. ಹೆಳವರು ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು, ಒಕ್ಕಲಿನ ಮನೆಯ ಮುಂದೆ ನಿಂತು, ಹಿಂದಿನ ತಲೆಮಾರುಗಳ ಹೆಸರನ್ನೂ ಮೂಲಸ್ಥಳವನ್ನೂ ಮನೆದೇವರನ್ನೂ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ದವಸ ಪಡೆದು ಹೋಗುತ್ತಿದ್ದರು. ಮನೆದೇವರೇ ಆ ವಂಶಾವಳಿಯ ಕೀಲಿ. ಮನೆದೇವರನ್ನು ಬಿಟ್ಟು ಕ್ರೈಸ್ತವಿಶ್ವಾಸಕ್ಕೆ ಬಂದ ಒಕ್ಕಲನ್ನು ಹೆಳವನ ಹೊತ್ತಗೆ ಹಿಂಬಾಲಿಸುವುದು ಕಷ್ಟ. ಅಲ್ಲಿಂದ ಮುಂದೆ ಆ ಕುಟುಂಬದ ಹೆಳವನಾಗುವವನು ಧರ್ಮಕೇಂದ್ರದ ಗುರು. ಅವನಿಗೆ ಅದು ತಿಳಿದಿರಲಿ, ಬಿಡಲಿ.

ಈಗ ಐರಿಷರ ಕಡೆಗೆ ಬರೋಣ. ಕೋಲಾರ ಸೀಮೆಯ ಚರಿತ್ರೆಯಲ್ಲಿ ಐರ್ಲೆಂಡಿನ ರಕ್ತದ ಇಬ್ಬರ ಹೆಸರು ಪ್ರಸಿದ್ಧವಾಗಿದೆ. ಇಬ್ಬರಿಗೂ ಚಿನ್ನದ ನಂಟು. ಆದರೆ ಮೂಲದ ದಾಖಲೆಯ ವಿಷಯದಲ್ಲಿ ಅವರ ನಡುವಿನ ಅಂತರ ಬಹಳ.

ಮೊದಲನೆಯವನು ಜಾನ್ ವಾರನ್. 1799ರಲ್ಲಿ ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಮೋಜಣಿ ನಡೆದಾಗ ವಿಲಿಯಂ ಲ್ಯಾಂಬ್ಟನ್ನನ ಸಹಾಯಕರಲ್ಲಿ ಒಬ್ಬನಾಗಿದ್ದ 33ನೆಯ ರೆಜಿಮೆಂಟಿನ ಈ ಅಧಿಕಾರಿ, 1802ರಲ್ಲಿ ಸಂಸ್ಥಾನದ ಪೂರ್ವದ ಗಡಿಯನ್ನು ಗುರುತಿಸುತ್ತಿದ್ದಾಗ ಉರಿಗಾಂ ಮತ್ತು ಮಾರಿಕುಪ್ಪದ ಸುತ್ತ ಜನರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದನು. ಮುಂದೆ ಮದ್ರಾಸಿನ ವೀಕ್ಷಣಾಲಯದಲ್ಲಿ ಖಗೋಳಜ್ಞನಾಗಿ ಕೆಲಸ ಮಾಡಿದನು. ದಕ್ಷಿಣ ಭಾರತದ ಪಂಚಾಂಗ ಗಣಿತವನ್ನು ಕುರಿತ ಅವನ 'ಕಾಲಸಂಕಲಿತ' 1825ರಲ್ಲಿ ಪ್ರಕಟವಾಯಿತು. ಹೆಸರನ್ನು ಕೇಳಿದರೆ ಅಚ್ಚ ಇಂಗ್ಲಿಷನೆಂದೇ ತೋರುತ್ತದೆ. ಆದರೆ ಅವನ ಜ್ಞಾನಸ್ನಾನದ ಹೆಸರು ಜಾನ್ ಬ್ಯಾಪ್ಟಿಸ್ಟ್ ಫ್ರಾನ್ಸ್ವಾ ಜೋಸೆಫ್ ದ ವಾರನ್. ಹುಟ್ಟಿದ್ದು 1769ರಲ್ಲಿ, ಇಟಲಿಯ ಲಿವೋರ್ನೊ ಬಂದರಿನಲ್ಲಿ. ಮನೆತನ ಫ್ರಾನ್ಸಿನ ಲೊರೇನಿನದು. ಅದಕ್ಕೂ ಹಿಂದಿನ ಮೂಲ ಐರ್ಲೆಂಡ್. ಫ್ರೆಂಚ್ ಕ್ರಾಂತಿಯ ಬಿರುಗಾಳಿಯಲ್ಲಿ ನೆಲೆ ಕಳೆದುಕೊಂಡ ಈ ಕುಲೀನನು ಭಾರತಕ್ಕೆ ಬಂದು ಬ್ರಿಟಿಷ್ ಸೇನೆಯನ್ನು ಸೇರಿದನು. ಫ್ರಾನ್ಸಿನಲ್ಲಿ ರಾಜಮನೆತನ ಮರಳಿ ಅಧಿಕಾರಕ್ಕೆ ಬಂದ ಮೇಲೆ ಅಲ್ಲಿಗೆ ಹೋಗಿ ಕೌಂಟ್ ಪದವಿಯನ್ನು ಪಡೆದು, ಮತ್ತೆ ಭಾರತಕ್ಕೆ ಬಂದು, 1830ರಲ್ಲಿ ಪುದುಚೇರಿಯಲ್ಲಿ ತೀರಿಕೊಂಡನು. ಮದ್ರಾಸಿನಲ್ಲಿ ಹುಟ್ಟಿದ ಅವನ ಮಗ ಎದುವಾರ್ ದ ವಾರನ್ ತಾನೂ ಇಲ್ಲಿ ಬ್ರಿಟಿಷ್ ಸೇನೆಯಲ್ಲಿದ್ದು, ಆಮೇಲೆ ಬ್ರಿಟಿಷರ ಆಳ್ವಿಕೆಯನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಪುಸ್ತಕ ಬರೆದನು.

ಐರ್ಲೆಂಡ್, ಲೊರೇನ್, ಲಿವೋರ್ನೊ, ಶ್ರೀರಂಗಪಟ್ಟಣ, ಉರಿಗಾಂ, ಮದ್ರಾಸ್, ಪುದುಚೇರಿ. ಇಷ್ಟು ತಿರುವುಗಳಿದ್ದರೂ ವಾರನ್ನನ ದಾರಿ ನಮಗೆ ಸ್ಪಷ್ಟವಾಗಿ ಕಾಣುವುದೇಕೆ? 1691ರ ಲಿಮರಿಕ್ ಒಪ್ಪಂದದ ನಂತರ ಸಾವಿರಾರು ಐರಿಷ್ ಕಥೋಲಿಕ ಸೈನಿಕರು ಸೋತ ದೊರೆ ಎರಡನೆಯ ಜೇಮ್ಸನ ಹಿಂದೆ ಫ್ರಾನ್ಸಿಗೆ ಹೋದರು. 'ಕಾಡುಬಾತುಗಳು' ಎಂದು ಚರಿತ್ರೆ ಕರೆದ ಆ ಪರಂಪರೆಯ ದೇಶಾಂತರಿಗಳಿಗೆ ಫ್ರೆಂಚ್ ಸೇನೆಯಲ್ಲಿ ಮೇಲಿನ ಹುದ್ದೆಯೂ ಸಮಾಜದಲ್ಲಿ ಸ್ಥಾನವೂ ಬೇಕಿದ್ದರೆ ಕುಲೀನತೆಯ ಪುರಾವೆ ಬೇಕಿತ್ತು. ಜೇಮ್ಸ್ ದೊರೆಯ ವಂಶಾವಳಿ ಅಧಿಕಾರಿಯಾಗಿದ್ದ ಜೇಮ್ಸ್ ಟೆರ್ರಿ ಎಂಬಾತ ತನ್ನ ಕಾಗದಪತ್ರಗಳೊಂದಿಗೆ ಫ್ರಾನ್ಸಿಗೆ ಹೋಗಿ, ಅಲ್ಲಿ ಈ ದೇಶಾಂತರಿಗಳಿಗೆ ವಂಶವೃಕ್ಷಗಳನ್ನು ಬರೆದುಕೊಟ್ಟನು. ನಮ್ಮ ಹೆಳವನು ದವಸಕ್ಕಾಗಿ ಮಾಡಿದ್ದನ್ನು ಅವನು ಪರದೇಶದ ಅರಮನೆಯ ನೆರಳಿನಲ್ಲಿ ಮಾಡಿದನು ಎನ್ನಬಹುದು. ಇಂಥ ವಂಶವೃಕ್ಷಗಳನ್ನು ಚರಿತ್ರಕಾರನು ಎಚ್ಚರದಿಂದ ಓದಬೇಕು: ಪುರಾವೆ ಬೇಕಾದವನೇ ಅದಕ್ಕೆ ಹಣವನ್ನೂ ಕೊಡುವಾಗ ಹಳೆಯ ಪಿತೃಗಳು ಸುಲಭವಾಗಿ ದೊರಕುತ್ತಾರೆ.

ಎರಡನೆಯವನು ಮೈಕಲ್ ಫಿಟ್ಜ್‌ಜೆರಾಲ್ಡ್ ಲಾವೆಲ್. ನ್ಯೂಜಿಲೆಂಡಿನ ಮಾವೋರಿ ಯುದ್ಧಗಳಲ್ಲಿದ್ದು, ನಿವೃತ್ತನಾಗಿ ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ನೆಲೆಸಿದ ಐರಿಷ್ ಸೈನಿಕ. ವಾರನ್ನನ ಹಳೆಯ ವರದಿಯನ್ನು ಓದಿ, 1871ರಲ್ಲಿ ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆಗೆ ಹೋಗಿ ಹುಡುಕಾಡಿ, 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿ, 1875ರ ಫೆಬ್ರುವರಿಯಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದನು. ಬಂಡವಾಳ ಸಾಲದೆ ಹಕ್ಕುಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟನು. ಮುಂದೆ 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆಯೇ ಗಣಿ ನಿಜವಾಗಿ ಗಣಿಯಾದದ್ದು. ಬೆಂಗಳೂರಿನ ಲಾವೆಲ್ ರಸ್ತೆಯಲ್ಲಿ ಅವನ ಹೆಸರು ಉಳಿದಿದೆ. ಒಬ್ಬ ಐರಿಷನ ಮೊಮ್ಮಗನೋ ಮರಿಮಗನೋ ಆದವನು ಬರೆದಿಟ್ಟದ್ದನ್ನು ಇನ್ನೊಬ್ಬ ಐರಿಷನು ಎಪ್ಪತ್ತು ವರ್ಷಗಳ ನಂತರ ಓದಿದನು. ಕೋಲಾರದ ಚಿನ್ನದ ಆಧುನಿಕ ಚರಿತ್ರೆ ಹೀಗೆ ಆರಂಭವಾಯಿತು. ಲಾವೆಲ್ ಎಂಬ ಕುಲನಾಮ ಐರ್ಲೆಂಡಿನ ಪಶ್ಚಿಮದ ಮೇಯೋ ಸೀಮೆಯಲ್ಲಿ ಹೆಚ್ಚಾಗಿ ಕಾಣುತ್ತದೆ. ಆದರೆ ಕುಲನಾಮವೊಂದನ್ನೇ ಹಿಡಿದು ಊರನ್ನು ನಿರ್ಣಯಿಸುವುದು, ರೆಡ್ಡಿ ಎಂಬ ಹೆಸರನ್ನು ಕಂಡು ಇಂಥ ಹಳ್ಳಿಯವನೇ ಎಂದು ಹೇಳಿದಂತೆ. ಪರವಾನಗಿಯ ಕಾಗದ ಮನುಷ್ಯನ ಹಕ್ಕನ್ನು ಹೇಳುತ್ತದೆ, ತಾಯ್ತಂದೆಯರನ್ನಲ್ಲ.

ಇವರಿಬ್ಬರೂ ಪ್ರಸಿದ್ಧರು. ಆದರೆ ಧರ್ಮಕೇಂದ್ರಕ್ಕೆ ಪತ್ರ ಬರೆಯುವವರ ಮುತ್ತಜ್ಜ ಸಾಮಾನ್ಯವಾಗಿ ಕೌಂಟನೂ ಅಲ್ಲ, ಗಣಿಯ ಪರವಾನಗಿದಾರನೂ ಅಲ್ಲ, ಸಾದಾ ಸಿಪಾಯಿ. ಅವನ ಮೂಲವನ್ನು ಅರಸುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಪಯುಕ್ತ, ಏಕೆಂದರೆ ಉತ್ತರ ಬರೆಯಬೇಕಾದವರು ನಾವೇ.

1793ರ ಕಾಯಿದೆಯ ನಂತರ ಐರಿಷ್ ಕಥೋಲಿಕರು ಸೇನೆಗೆ ಸೇರುವುದು ಸರಾಗವಾಯಿತು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಯೂರೋಪಿಯನ್ ಪಡೆಗಳಲ್ಲಿ ಐರಿಷರು ಅರ್ಧದ ಸಮೀಪಕ್ಕೆ ಏರಿದ್ದರು. ಬೆಂಗಳೂರಿನ ದಂಡು 1809ರಲ್ಲಿ ಸ್ಥಾಪನೆಯಾದ ಮೇಲೆ ಅವರಲ್ಲಿ ಅನೇಕರು ಇಲ್ಲಿಗೆ ಬಂದರು. ನಗರದ ಸೇಂಟ್ ಪ್ಯಾಟ್ರಿಕ್ ದೇವಾಲಯದ ಪಾಲಕ ಸಂತರೇ ಆ ನೆನಪನ್ನು ಹೊತ್ತಿದ್ದಾರೆ. ಮದ್ರಾಸಿನ ಯೂರೋಪಿಯನ್ ರೆಜಿಮೆಂಟ್ ಎಂದು ಹುಟ್ಟಿದ ಕಂಪನಿಯ ಪಡೆ, 1862ರಲ್ಲಿ ರಾಣಿಯ ಸೇನೆಗೆ ಸೇರಿ, 1881ರಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಎಂಬ ಐರಿಷ್ ಹೆಸರನ್ನೇ ಪಡೆಯಿತು.

ಹುಡುಕಾಟ ಇಲ್ಲಿಂದಲೇ, ಈ ಕೊನೆಯಿಂದಲೇ, ಆರಂಭವಾಗಬೇಕು. ಐರ್ಲೆಂಡಿನಿಂದ ಆರಂಭಿಸುವವನು ನೂರಾರು ಜಾನ್ ಮರ್ಫಿಗಳ ನಡುವೆ ಕಳೆದುಹೋಗುತ್ತಾನೆ. ಮೊದಲು ಇಲ್ಲಿಯ ವಿವಾಹ, ಜ್ಞಾನಸ್ನಾನ, ಮರಣಗಳ ದಾಖಲೆಗಳಲ್ಲಿ ಸಿಪಾಯಿಯ ಪೂರ್ಣ ಹೆಸರು, ದರ್ಜೆ, ರೆಜಿಮೆಂಟು ಸಿಗಬೇಕು. ರೆಜಿಮೆಂಟು ಗೊತ್ತಾದರೆ ಎರಡು ದಾರಿಗಳು. ಕಂಪನಿಯ ಸಿಪಾಯಿಯಾಗಿದ್ದರೆ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿರುವ ಮದ್ರಾಸ್ ಸೇನೆಯ ಹಾಜರಿ ಪಟ್ಟಿಗಳು ಅವನು ಯಾವ ಸೀಮೆಯವನು, ಯಾವ ಹಡಗಿನಲ್ಲಿ ಬಂದನು, ಹಿಂದೆ ಯಾವ ಕಸುಬು ಮಾಡುತ್ತಿದ್ದನು ಎಂಬುದನ್ನು ಹೇಳಬಲ್ಲವು. ದೊರೆಯ ರೆಜಿಮೆಂಟಿನವನಾದರೆ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಬಿಡುಗಡೆಯ ಕಾಗದಗಳಿವೆ. ಹುಟ್ಟಿದ ಧರ್ಮಕೇಂದ್ರವನ್ನೂ ಅವು ಹೆಸರಿಸುತ್ತವೆ. ಆದರೆ ಅಲ್ಲೊಂದು ಕ್ರೂರ ತಿರುವಿದೆ: 1883ಕ್ಕೆ ಮೊದಲಿನ ಅವಧಿಯಲ್ಲಿ ಪಿಂಚಣಿ ಪಡೆದು ಬಿಡುಗಡೆಯಾದವರ ಕಾಗದಗಳೇ ಹೆಚ್ಚಾಗಿ ಉಳಿದಿವೆ. ಕಾಲರಾ ತಗುಲಿ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಇಲ್ಲಿಯೇ ಸತ್ತವನಿಗೆ ಬಿಡುಗಡೆಯ ಕಾಗದವಿಲ್ಲ. ಅವನಿಗಿರುವುದು ನಮ್ಮ ಸಮಾಧಿ ದಾಖಲೆಯ ಒಂದು ಸಾಲು.

ಸೀಮೆಯ ಹೆಸರು ಸಿಕ್ಕ ಮೇಲೆ ಐರ್ಲೆಂಡಿನ ಕಡೆ ಕಾದಿರುವುದು ಒಂದು ಬೂದಿಯ ರಾಶಿ. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟಗೊಂಡು ಸುಟ್ಟುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಬಹುಭಾಗ, ಶತಮಾನಗಳ ಉಯಿಲುಗಳು, ಐರ್ಲೆಂಡಿನ ಆಂಗ್ಲಿಕನ್ ಸಭೆಯ ಅರ್ಧಕ್ಕೂ ಹೆಚ್ಚು ಜ್ಞಾನಸ್ನಾನ ದಾಖಲೆಗಳು ನಾಶವಾದವು. 1861 ಮತ್ತು 1871ರ ಗಣತಿಯ ಹಾಳೆಗಳನ್ನು ಸರ್ಕಾರವೇ ಅದಕ್ಕೂ ಮೊದಲು ನಾಶಮಾಡಿತ್ತು. 1881 ಮತ್ತು 1891ರವು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾದವು. ಪೂರ್ಣವಾಗಿ ಉಳಿದಿರುವುದು 1901 ಮತ್ತು 1911ರವು ಮಾತ್ರ. ಅದೇ 1922ರ ಬೇಸಗೆಯಲ್ಲಿ ಡಬ್ಲಿನ್ ಫ್ಯುಸಿಲಿಯರ್ಸ್ ಪಡೆಯನ್ನೂ ವಿಸರ್ಜಿಸಲಾಯಿತು.

ಕಥೋಲಿಕ ಧರ್ಮಕೇಂದ್ರಗಳ ದಾಖಲೆಗಳು ಮಾತ್ರ ಸುಡಲಿಲ್ಲ. ಆಂಗ್ಲಿಕನ್ ಸಭೆ 1869ರ ಕಾಯಿದೆಯವರೆಗೆ ರಾಜ್ಯದ ಸಭೆಯಾಗಿತ್ತು. ಆದ್ದರಿಂದ ಅದರ ಪುಸ್ತಕಗಳು ಸಾರ್ವಜನಿಕ ದಾಖಲೆಗಳೆಂದು ಗಣಿತವಾಗಿ ಡಬ್ಲಿನ್ನಿಗೆ ಹೋದವು. ದಂಡನೆಯ ಕಾನೂನುಗಳ ಕೆಳಗೆ ಬಹುಕಾಲ ನರಳಿದ ಕಥೋಲಿಕರ ಪುಸ್ತಕಗಳನ್ನು ರಾಜ್ಯ ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವು ಗುರುಗಳ ಮನೆಯ ಕಪಾಟುಗಳಲ್ಲಿಯೇ ಉಳಿದವು. ಅಲಕ್ಷ್ಯವೇ ರಕ್ಷೆಯಾದ ಇಂಥ ಉದಾಹರಣೆಗಳು ಧರ್ಮಸಭೆಯ ಚರಿತ್ರೆಯಲ್ಲಿ ವಿರಳವಲ್ಲ. ಮುಂದೆ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಇವುಗಳ ಸೂಕ್ಷ್ಮಚಿತ್ರಗಳನ್ನು ತೆಗೆದು, ಸುಮಾರು 1880ರವರೆಗಿನವನ್ನು 2015ರಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ಬಿಚ್ಚಿಟ್ಟಿತು. ಪಶ್ಚಿಮದ ಬಡ ಧರ್ಮಕೇಂದ್ರಗಳಲ್ಲಿ ಅನೇಕವುಗಳ ದಾಖಲೆ 1820ರ ನಂತರವೇ ಆರಂಭವಾಗುತ್ತದೆ. ಅದಕ್ಕೆ ಪೂರಕವಾಗಿ 1823–37ರ ದಶಮಾಂಶ ತೆರಿಗೆಯ ಪುಸ್ತಕಗಳೂ, 1847–64ರ ನಡುವೆ ರಿಚರ್ಡ್ ಗ್ರಿಫಿತ್ ನಡೆಸಿದ ಭೂಮೌಲ್ಯದ ಪಟ್ಟಿಯೂ ಇವೆ. ನಮ್ಮ ಪಹಣಿಯಂತೆ ಅವು ನೆಲವನ್ನು ಹಿಡಿದವನ ಹೆಸರನ್ನು ಹೇಳುತ್ತವೆ. ಅವನ ಕೂಲಿಯಾಳಿನ ಹೆಸರನ್ನು ಹೇಳುವುದಿಲ್ಲ.

ಹೆಸರುಗಳ ತೊಡಕು ಪ್ರತ್ಯೇಕವಾಗಿ ಗಮನಿಸಬೇಕಾದದ್ದು. ಐರಿಷ್ ಭಾಷೆಯಲ್ಲಿ ಮಗುವಿನ ಹೆಸರು ದಿಯರ್ಮದ್. ಗುರು ಲತೀನಿನಲ್ಲಿ ಬರೆದದ್ದು ಜೆರೆಮಿಯಾಸ್. ಸೇನೆಯ ಗುಮಾಸ್ತನು ಇಂಗ್ಲಿಷಿನಲ್ಲಿ ಬರೆದದ್ದು ಜೆರೆಮಯ. ಹಾಗೆಯೇ ಕನ್ಹೂರ್ ಎಂಬವನು ಕೊರ್ನೇಲಿಯುಸ್ ಆದನು. ಮೂಲಹೆಸರಿಗೂ ಬೈಬಲ್ಲಿನ ಪ್ರವಾದಿಗೂ ಯಾವ ಸಂಬಂಧವೂ ಇಲ್ಲ. ಧ್ವನಿಯ ದೂರದ ಹೋಲಿಕೆಯಷ್ಟೇ. ನಮ್ಮ ಓದುಗರು ಇದಕ್ಕೆ ಬೆರಗಾಗಬೇಕಿಲ್ಲ. ಪೇತ್ರರು ನಮ್ಮ ಮನೆಗಳಲ್ಲಿ ರಾಯಪ್ಪ, ಪೌಲರು ಚಿನ್ನಪ್ಪ, ಯೊವಾನ್ನರು ಅರುಳಪ್ಪ, ಶೌರಿಯವರು ಚೌರಪ್ಪ, ಇಗ್ನಾಸಿಯವರು ಇನ್ನಾಸಪ್ಪ. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು ಲತೀನಿನ ಪುಸ್ತಕದಲ್ಲಿ 'ಪೆತ್ರುಸ್' ಎಂದು ಬರೆದ ಮಗುವೂ, ಕಂದಾಯದ ಕಡತದಲ್ಲಿ ರಾಯಪ್ಪನೆಂದು ಕಾಣುವ ರೈತನೂ ಒಬ್ಬನೇ ಎಂಬುದು ಮನೆಯವರಿಗೆ ಗೊತ್ತು, ಹೊರಗಿನ ಸಂಶೋಧಕನಿಗೆ ಗೊತ್ತಿಲ್ಲ. ಕನ್ನಡ, ತೆಲುಗು ಎರಡೂ ಮನೆಮಾತಾಗಿರುವ ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಒಂದೇ ಹೆಸರು ಎರಡು ಕಾಗುಣಿತಗಳಲ್ಲಿ ಬರುವುದೂ ಉಂಟು.

ಇದಕ್ಕೂ ಹಿಂದಿನ ಪದರವೊಂದು ಇಲ್ಲಿದೆ. 18ನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ಯೇಸುಸಭೆಯವರ ಕರ್ನಾಟಿಕ್ ಮಿಷನ್ ಪುಂಗನೂರಿನಿಂದ ಬಳ್ಳಾಪುರದ ಸೀಮೆಗೆ ಹಬ್ಬಿತ್ತು. ವೇದದ ಪ್ರತಿಗಳನ್ನು ಸಂಪಾದಿಸಿ ಪ್ಯಾರಿಸ್ಸಿನ ರಾಜಗ್ರಂಥಾಲಯಕ್ಕೆ ಕಳುಹಿಸಿದ ಗುರು ಜಾನ್ ಕಾಲ್ಮೆತ್ 1730ರ ದಶಕದಲ್ಲಿ ಬಳ್ಳಾಪುರದಿಂದ ಪತ್ರಗಳನ್ನು ಬರೆದರು. ಯೂರೋಪಿನ ಓದುಗರಿಗಾಗಿ ಅಚ್ಚಾದ ಆ ಮಿಷನಿನ ಪತ್ರಗಳಲ್ಲಿ ಅರಸರು, ವಾದವಿವಾದಗಳು, ಹಿಂಸೆಗಳು ಧಾರಾಳವಾಗಿ ಬರುತ್ತವೆ. ವಿಶ್ವಾಸಕ್ಕೆ ಬಂದ ರೈತನ ತಂದೆಯ ಹೆಸರು ಅಲ್ಲಿ ಬರುವುದು ಅಪರೂಪ. ಪತ್ರ ದೂರದವರಿಗೆ, ದಾಖಲೆ ಹತ್ತಿರದವರಿಗೆ.

ದಾಖಲೆಯ ಮೌನ ಎಲ್ಲಕ್ಕಿಂತ ಗಾಢವಾಗಿರುವುದು ತಾಯಂದಿರ ವಿಷಯದಲ್ಲಿ. ಕಂಪನಿಯ ನಿರ್ದೇಶಕರು 1687ರಲ್ಲಿಯೇ ಮದ್ರಾಸಿಗೆ ಪತ್ರ ಬರೆದು, ಸಿಪಾಯಿಗಳು ಇಲ್ಲಿಯ ಹೆಂಗಸರನ್ನು ಮದುವೆಯಾಗುವುದನ್ನು ಪ್ರೋತ್ಸಾಹಿಸಿದ್ದರು. ಮಗುವಿಗೆ ಜ್ಞಾನಸ್ನಾನವಾದ ದಿನ ತಾಯಿಗೆ ಒಂದು ಪಗೋಡ ಕೊಡಬೇಕೆಂದೂ ಸೂಚಿಸಿದ್ದರು. ನೂರು ವರ್ಷಗಳ ನಂತರ ಅದೇ ಕಂಪನಿ, 1791ರ ಆಜ್ಞೆಯಿಂದ, ಆ ತಾಯಂದಿರ ಸಂತಾನವನ್ನು ತನ್ನ ಉನ್ನತ ಸೇವೆಗಳಿಂದ ಹೊರಗಿಟ್ಟಿತು. ದಂಡಿನ ದಾಖಲೆಗಳಲ್ಲಿ ತಂದೆಗೆ ಹೆಸರು, ದರ್ಜೆ, ರೆಜಿಮೆಂಟು ಎಲ್ಲವೂ ಇರುತ್ತವೆ. ತಾಯಿ ಅನೇಕ ವೇಳೆ 'ದೇಶೀಯ ಹೆಂಗಸು' ಅಷ್ಟೇ, ಇಲ್ಲವೆ ಜ್ಞಾನಸ್ನಾನದಲ್ಲಿ ಪಡೆದ ಮರಿಯ, ಅನ್ನ ಎಂಬ ಒಂಟಿ ಹೆಸರು. ಅವಳ ಊರು ನಂದಿಯ ತಪ್ಪಲೋ, ಕೋಲಾರದ ಹಳ್ಳಿಯೋ, ತಮಿಳು ಸೀಮೆಯೋ, ಯಾರೂ ಕೇಳಲಿಲ್ಲ. ಆದ್ದರಿಂದ ಐರಿಷ್ ಮುತ್ತಜ್ಜನನ್ನು ಅರಸುವ ಮರಿಮಗನು ಆರು ಸಾವಿರ ಮೈಲಿಯಾಚೆಯ ಹಳ್ಳಿಯನ್ನು ಕಂಡುಹಿಡಿಯಬಲ್ಲನು. ಅರವತ್ತು ಮೈಲಿಯೊಳಗಿದ್ದಿರಬಹುದಾದ ಮುತ್ತಜ್ಜಿಯ ಹಳ್ಳಿಯನ್ನು ಕಂಡುಹಿಡಿಯಲಾರನು. ಪತ್ರ ಬರೆಯುವವರಲ್ಲಿ ಬಹುಮಂದಿ ಅವಳನ್ನು ಕೇಳುವುದೂ ಇಲ್ಲ ಎಂಬುದು ನಮಗೆ ಹೆಚ್ಚು ನೋವಿನ ಸಂಗತಿ.

ಮತ್ತಾಯನ ಶುಭಸಂದೇಶದ ಮೊದಲ ಪುಟದಲ್ಲಿ ಕ್ರಿಸ್ತನ ವಂಶಾವಳಿಯೊಳಗೆ ಮರಿಯಮ್ಮನವರ ಹೊರತು ನಾಲ್ವರು ಸ್ತ್ರೀಯರು ಬರುತ್ತಾರೆ. ತಾಮಾರ, ರಾಹಾಬ, ರೂತ್ ಹೆಸರಿನಿಂದ ಬರುತ್ತಾರೆ. ನಾಲ್ಕನೆಯವಳು ಮಾತ್ರ ಊರೀಯನ ಹೆಂಡತಿ ಎಂದಷ್ಟೇ. ಬತ್ಷೆಬೆಯ ಹೆಸರನ್ನು ಮತ್ತಾಯನು ಅರಿಯದವನಲ್ಲ. ಅದನ್ನು ಬಿಟ್ಟು ಕೊಲೆಯಾದ ಗಂಡನ ಹೆಸರನ್ನೇ ಇಟ್ಟದ್ದು ದಾವೀದನ ಪಾಪವನ್ನು ವಂಶಾವಳಿಯಿಂದ ಅಳಿಸಬಾರದೆಂದು ಎಂದು ವ್ಯಾಖ್ಯಾನಕಾರರಲ್ಲಿ ಹಲವರು ಓದಿದ್ದಾರೆ. ಅಲ್ಲಿ ಹೆಸರಿನ ಲೋಪವೇ ಆಪಾದನೆ. ದಂಡಿನ ದಾಖಲೆಯಲ್ಲಿ ಅದು ಆಪಾದನೆಯಲ್ಲ, ಬರಿಯ ಅಸಡ್ಡೆ. ಓದುವ ನಾವು ಅದನ್ನು ಆಪಾದನೆಯಾಗಿ ಓದಬೇಕು. ಹಾಗೆಂದು ಧರ್ಮಸಭೆಯ ನಿಯಮವನ್ನು ದೂರುವಂತಿಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆ ವಿವಾಹದ ದಾಖಲೆಯನ್ನು ಕಡ್ಡಾಯಗೊಳಿಸಿತು. 1614ರ ರೋಮನ್ ವಿಧಿಗ್ರಂಥ ದಾಖಲೆಗಳ ಮಾದರಿಗಳನ್ನೇ ಕೊಟ್ಟಿತು. ವಿವಾಹಬಂಧನವಿಲ್ಲದ ತಾಯಿಯ ಹೆಸರನ್ನು ಯಾವಾಗ ಬರೆಯಬೇಕೆಂಬುದನ್ನು 1917ರ ಸಂಹಿತೆಯ 777ನೆಯ ನಿಯಮವೂ, 1983ರ ಸಂಹಿತೆಯ 877ನೆಯ ನಿಯಮವೂ ಹೇಳುತ್ತವೆ: ಅವಳ ಮಾತೃತ್ವ ಬಹಿರಂಗವಾಗಿ ತಿಳಿದಿದ್ದರೆ, ಇಲ್ಲವೆ ಅವಳೇ ಕೇಳಿಕೊಂಡರೆ. ಕೇಳಿಕೊಳ್ಳಬಹುದೆಂದು ಅವಳಿಗೆ ಹೇಳಬೇಕಾದವನು ಗುರು.

ಇನ್ನು ಬರಗಾಲದ ಮಾತು. ಐರ್ಲೆಂಡಿನಲ್ಲಿ 1845–52ರ ಆಲೂಗಡ್ಡೆಯ ಕ್ಷಾಮ ಸುಮಾರು ಹತ್ತು ಲಕ್ಷ ಜನರನ್ನು ಕೊಂದು, ಅಷ್ಟೇ ಜನರನ್ನು ಕಡಲಾಚೆಗೆ ಅಟ್ಟಿತು. ಸೇನೆಗೆ ಸೇರಿದ ಬಡ ಹುಡುಗರಲ್ಲಿ ಆ ಕ್ಷಾಮದ ಮಕ್ಕಳೂ ಇದ್ದರು. 1876–78ರ ಕ್ಷಾಮ ಮೈಸೂರು ಸಂಸ್ಥಾನವನ್ನು, ಅದರಲ್ಲಿಯೂ ಪೂರ್ವದ ಸೀಮೆಗಳನ್ನು, ಬಡಿಯಿತು. 1871ರ ಗಣತಿಯಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಅನಾಥ ಮಕ್ಕಳನ್ನು ಮಿಷನುಗಳು ಎತ್ತಿಕೊಂಡು ಸಾಕಿದವು. ಆ ಮಕ್ಕಳ ಜ್ಞಾನಸ್ನಾನದ ಸಾಲಿನಲ್ಲಿ ತಂದೆತಾಯಿಯರ ಜಾಗದಲ್ಲಿ 'ಅಜ್ಞಾತರು' ಎಂದಷ್ಟೇ ಬರೆದಿರುವುದುಂಟು. ದೆಲಾಯ, ತೋಬೀಯ, ನೆಕೋದರ ಮಕ್ಕಳಂತೆ ಇವರ ಸಂತತಿಯವರಿಗೂ ತೋರಿಸಲು ಪಿತೃಗಳ ಮನೆಯಿಲ್ಲ. ಅವರ ಮೂಲ ಆ ಸಾಲೇ. ಅದರಾಚೆಗೆ ಹೋಗುವ ದಾರಿಯಿಲ್ಲ.

ಇಲ್ಲಿಯೇ ನಮ್ಮ ವಿಶ್ವಾಸಿಗಳ ಪ್ರಶ್ನೆ ಐರಿಷ್ ಮರಿಮಗನ ಪ್ರಶ್ನೆಯಿಂದ ಬೇರೆಯಾಗುತ್ತದೆ. ಅವನಿಗೆ ಮೂಲ ಹೆಮ್ಮೆಯ ವಸ್ತು. ನಮ್ಮಲ್ಲಿ ಹಳೆಯ ಗುರುಗಳು ಕೆಲವೊಮ್ಮೆ ಜ್ಞಾನಸ್ನಾನದ ಸಾಲಿನಲ್ಲಿ ಜಾತಿಯನ್ನೂ ಬರೆದಿಟ್ಟರು. 1950ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಕ್ರೈಸ್ತನಾದ ದಲಿತನು ಪರಿಶಿಷ್ಟ ಜಾತಿಗೆ ಸೇರುವುದಿಲ್ಲ; ಅವನ ವಿರುದ್ಧ ಅದೇ ಸಾಲನ್ನು ಪುರಾವೆಯಾಗಿ ತೋರಿಸಬಹುದು. ಮತ್ತೊಂದೆಡೆ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಬರುತ್ತಾರೆ. ಆ ಸೌಲಭ್ಯ ಕೇಳುವ ವಿದ್ಯಾರ್ಥಿಗೆ ಅಜ್ಜನ ಜ್ಞಾನಸ್ನಾನದ ಸಾಲೇ ಆಧಾರವಾಗಬಹುದು. ಒಂದೇ ಸಾಲು ಒಬ್ಬನಿಗೆ ಬಾಗಿಲು, ಇನ್ನೊಬ್ಬನಿಗೆ ಗೋಡೆ. ಹೀಗಿರುವಾಗ ಹಳೆಯ ದಾಖಲೆಗಳನ್ನೆಲ್ಲ ಛಾಯಾಚಿತ್ರ ತೆಗೆದು ಯಾರಿಗೆ ಬೇಕಾದರೂ ಬಿಚ್ಚಿಡಬೇಕೆಂಬ ಈಚಿನ ಉತ್ಸಾಹವನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ಪ್ರತಿಗಳನ್ನು ಮಾಡಿ ಇನ್ನೊಂದೆಡೆ ಇಡುವುದು ಅಗತ್ಯ. 1922ರ ಬೆಂಕಿ ಅದಕ್ಕೆ ಸಾಕಷ್ಟು ಕಾರಣ. ಬಿಚ್ಚಿಡುವುದು ಬೇರೆಯ ಮಾತು. ಬದುಕಿರುವವರ ಜಾತಿಯೋ ಹುಟ್ಟಿನ ಗುಟ್ಟೋ ಹೊರಬೀಳುವ ಕಡೆ, ಕೇಳಿದವನ ಸಂಬಂಧವನ್ನು ವಿಚಾರಿಸಿ, ಅವನ ಸಾಲನ್ನಷ್ಟೇ ಬರೆದುಕೊಡುವ ಹಳೆಯ ಪದ್ಧತಿಯೇ ಮೇಲು.

ಹುಡುಕಲು ಬರುವವರಿಗೆ ಇನ್ನೊಂದು ಸಂಗತಿಯನ್ನು ತಿಳಿಸಬೇಕು. ಚಿಕ್ಕ ಊರುಗಳಲ್ಲಿ ಗುರುಗಳು ವಾಸವಿರದಿದ್ದ ಕಾಲದಲ್ಲಿ ಅಲ್ಲಿ ನಡೆದ ಜ್ಞಾನಸ್ನಾನ ಅವರು ಬಂದ ಮೂಲ ಧರ್ಮಕೇಂದ್ರದ ಪುಸ್ತಕದಲ್ಲಿ ಸೇರುತ್ತಿತ್ತು. ಗೌರಿಬಿದನೂರಿನ ಕುಟುಂಬದ ಹಳೆಯ ಸಾಲನ್ನು ಗೌರಿಬಿದನೂರಿನಲ್ಲಿಯೇ ಹುಡುಕಿ ನಿರಾಶರಾಗಬಾರದು. ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆ, ಶಾಲೆಗಳನ್ನು ನಡೆಸಿದ ಲಂಡನ್ ಮಿಷನಿನ ಕುಟುಂಬಗಳಿಗೆ ಸಂಬಂಧಿಸಿದ ಕಡತಗಳನ್ನು ಲಂಡನ್ ವಿಶ್ವವಿದ್ಯಾಲಯದ ಪೌರಸ್ತ್ಯ ಅಧ್ಯಯನ ಶಾಲೆಯ ಪತ್ರಾಗಾರದಲ್ಲಿ ನೋಡಬೇಕು.

ಅಂಚಿನ ಟಿಪ್ಪಣಿಯನ್ನೂ ಮರೆಯಬಾರದು. 1907ರಲ್ಲಿ ಹೊರಟು 1908ರ ಪಾಸ್ಖ ಹಬ್ಬದಿಂದ ಜಾರಿಗೆ ಬಂದ 'ನೆ ತೆಮೆರೆ' ಆಜ್ಞೆಯ ನಂತರ, ಒಬ್ಬನು ಎಲ್ಲಿಯೇ ಮದುವೆಯಾದರೂ ಆ ಸುದ್ದಿ ಅವನಿಗೆ ಜ್ಞಾನಸ್ನಾನವಾದ ಧರ್ಮಕೇಂದ್ರಕ್ಕೆ ಬರಬೇಕು, ಅಲ್ಲಿಯ ಗುರು ಅದನ್ನು ಮೂಲ ಸಾಲಿನ ಅಂಚಿನಲ್ಲಿ ಬರೆಯಬೇಕು. 1983ರ ಸಂಹಿತೆಯ 535ನೆಯ ನಿಯಮ ಇದನ್ನೇ ಮುಂದುವರಿಸಿದೆ. ಹೀಗೆ ಊರು ಬಿಟ್ಟುಹೋದವನ ಮದುವೆಯ ಸುದ್ದಿ, ಕೋಲಾರದ ಗಣಿಯಿಂದಲೋ ಮುಂಬಯಿಯಿಂದಲೋ ಕಡಲಾಚೆಯಿಂದಲೋ, ಅಂಚೆಯಲ್ಲಿ ಬಂದು ಬೇರೆ ಶಾಯಿಯಲ್ಲಿ ಅವನ ಹೆಸರಿನ ಪಕ್ಕ ಕುಳಿತಿರುತ್ತದೆ: ಊರು, ದಿನಾಂಕ, ಹೆಂಡತಿಯ ಪೂರ್ಣ ಹೆಸರು. ಪ್ರಮಾಣಪತ್ರ ಬರೆದುಕೊಡುವಾಗ ಈ ಅಂಚಿನ ಸಾಲುಗಳನ್ನೂ ಸೇರಿಸಿ ಬರೆಯಬೇಕೆಂಬುದು ನಿಯಮ.